ಯಾರ ಪದ್ಧತಿ? ಯಾರು ಬರೆದ ಕಟ್ಟಳೆ?

ಮಾಮೂಲು ಎಂಬ ಮಾತನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಸಂತೆಯಲ್ಲಿ ತಕ್ಕಡಿ ಹಿಡಿದವನಿಗೂ, ತಳ್ಳುಗಾಡಿಯವನಿಗೂ, ಬೀದಿಯ ಬದಿಗೆ ಗೋಣಿಚೀಲ ಹಾಸಿ ಕೂತವಳಿಗೂ ಅದು ಚೆನ್ನಾಗಿ ಗೊತ್ತು. ಆದರೆ ಆ ಮಾತಿನ ಮೂಲ ಅರ್ಥ ಲಂಚವೆಂದಲ್ಲ. ರೂಢಿ, ವಾಡಿಕೆ, ಹಿಂದಿನಿಂದ ನಡೆದುಬಂದದ್ದು ಎಂದು. ಮೊದಲನೆಯ ವಾರ ಬೆದರಿಸಿ ಕಿತ್ತುಕೊಂಡದ್ದು ಎರಡನೆಯ ವಾರ ವಾಡಿಕೆಯಾಗುತ್ತದೆ, ಮೂರನೆಯ ವಾರ ಅದು ಕೇಳುವವನ ಹಕ್ಕು! ದಸ್ತೂರಿಯ ಕಥೆಯೂ ಹೀಗೆಯೇ. ದಸ್ತೂರು ಎಂದರೂ ಪದ್ಧತಿಯೆಂದೇ ಅರ್ಥ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಜಾಬರನು ಕೆಲಸ ಕೊಡಿಸುವುದಕ್ಕೆ ಕೂಲಿಕಾರನಿಂದ ಕಿತ್ತುಕೊಳ್ಳುತ್ತಿದ್ದ ಹಣಕ್ಕೂ ಅದೇ ಹೆಸರು. 1931ರಲ್ಲಿ ವರದಿ ಒಪ್ಪಿಸಿದ ವಿಟ್ಲೆ ಆಯೋಗದವರು ಕೂಡ ಜಾಬರುಗಳ ಈ ವಸೂಲಿಯನ್ನು ಬರೆಯದೆ ಬಿಡಲಾಗಲಿಲ್ಲ. ಬಡವನ ಜೇಬಿಗೆ ಕೈ ಹಾಕಿದ ಎರಡು ಸುಲಿಗೆಗಳಿಗೆ ನಮ್ಮ ಜನ ಇಟ್ಟ ಹೆಸರು 'ಪದ್ಧತಿ' ಎಂಬುದೇ ಆಗಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಈ ವಾರ ನಾವು ಬರೆಯಹೊರಟಿರುವುದು ಇಂಥದೇ ಒಂದು ಮಾಮೂಲಿನ ವಿಚಾರ. ಆದರೆ ಇದು ಒಂದು ಪೇಟೆಯದಲ್ಲ, ಇಡೀ ಎರಡು ದೇಶಗಳದು. ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿ, ಸಮುದ್ರದ ಸಂಪರ್ಕವಿಲ್ಲದೆ ಒಳನಾಡಿನಲ್ಲಿರುವ ಜಾಂಬಿಯ ಮತ್ತು ಮಲಾವಿ ಎಂಬ ದೇಶಗಳನ್ನು ವಾಚಕರು ನಕ್ಷೆಯಲ್ಲಿ ನೋಡಿರಬಹುದು. 1964ರಲ್ಲಿ ಸ್ವತಂತ್ರವಾಗುವವರೆಗೂ ಇವು ಉತ್ತರ ರೊಡೇಷಿಯ ಮತ್ತು ನ್ಯಾಸಾಲ್ಯಾಂಡ್ ಎಂಬ ಹೆಸರಿನಲ್ಲಿ ಇಂಗ್ಲಿಷರ ಕೈಯಲ್ಲಿದ್ದವು. ಆಸ್ಟ್ರೇಲಿಯದ ಲಾ ಟ್ರೋಬ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಮಾರ್ಟಿನ್ ಚಾನಕ್ ಎಂಬ ಕಾಯಿದೆಯ ಚರಿತ್ರಕಾರರು ಆ ಎರಡು ದೇಶಗಳ ಹಳೆಯ ಕೋರ್ಟು ಕಾಗದಗಳನ್ನು ಜಾಲಾಡಿ 1985ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅದರ ಹೆಸರನ್ನು ಕನ್ನಡದಲ್ಲಿ 'ಕಾಯಿದೆ, ರೂಢಿ ಮತ್ತು ಸಮಾಜ ವ್ಯವಸ್ಥೆ' ಎನ್ನಬಹುದು. ಮೆಟ್ರಿಕ್‌ವರೆಗೆ ಮಾತ್ರ ಓದಿದ ನಾವು ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಅದನ್ನು ಓದಬೇಕಾಯಿತು. ಅದು ವಕೀಲರಿಗೂ ಪ್ರೊಫೆಸರರಿಗೂ ಬರೆದ ಪುಸ್ತಕ. ಆದರೆ ಅದರೊಳಗಿನ ಮಾತು ಗಿರಣಿಯ ಗೇಟಿನ ಮುಂದೆ ನಿಂತು ಹೇಳಬೇಕಾದ ಮಾತು.

ಆ ಮಾತೇನು? ಇಂಗ್ಲಿಷ್ ದೊರೆಗಳು ಆಫ್ರಿಕಾದಲ್ಲಿ ಹೇಳಿಕೊಳ್ಳುತ್ತಿದ್ದುದು ಹೀಗೆ: "ನಾವು ಈ ಜನರ ಮನೆತನದ ವ್ಯವಹಾರದಲ್ಲಿ ಕೈ ಹಾಕುವುದಿಲ್ಲ. ಅವರನ್ನು ಅವರದೇ ಮುಖಂಡರ ಮೂಲಕ, ಅವರದೇ ಪದ್ಧತಿಯ ಪ್ರಕಾರ ಆಳುತ್ತೇವೆ." ಇದಕ್ಕೆ ಪರೋಕ್ಷ ಆಡಳಿತವೆಂದು ಹೆಸರು. ಇದರ ದೊಡ್ಡ ಪುರೋಹಿತ ಲುಗಾರ್ಡ್ ದೊರೆ. ಆ ಮಹಾಶಯ ಹುಟ್ಟಿದ್ದು 1858ರಲ್ಲಿ ನಮ್ಮ ಮದರಾಸಿನಲ್ಲಿಯೇ. ಕೇಳುವುದಕ್ಕೆ ಎಷ್ಟು ಸೌಮ್ಯವಾದ ಮಾತು! ಚಾನಕ್ ಅವರು ದಾಖಲೆಗಳನ್ನು ಮುಂದಿಟ್ಟು ತೋರಿಸುವುದೇನೆಂದರೆ, ಅನಾದಿಯೆಂದು ಕರೆಸಿಕೊಂಡ ಆ 'ಪದ್ಧತಿಯ ಕಾಯಿದೆ' ಬಹುಮಟ್ಟಿಗೆ ಇಂಗ್ಲಿಷರ ಆಳಿಕೆಯ ಕಾಲದಲ್ಲಿಯೇ, ಅವರ ಕಚೇರಿಗಳ ಜಗಲಿಯ ಮೇಲೆಯೇ ತಯಾರಾಯಿತು ಎಂಬುದು. ಅದಕ್ಕೆ ಮೊದಲು ಅಲ್ಲಿನ ಜನಕ್ಕೆ ನ್ಯಾಯನೀತಿ ಇರಲಿಲ್ಲವೆಂದು ಅವರು ಹೇಳುವುದಿಲ್ಲ. ಇತ್ತು. ಜಗಳವಾದಾಗ ಕೂತು ಮಾತಾಡಿ, ಆಯಾ ಸಂದರ್ಭಕ್ಕೆ ಆಯಾ ಮನೆಗಳ ಬಲಾಬಲ ನೋಡಿ, ಹೇಗೋ ರಾಜಿಯಾಗುವ ವಿಧಾನ ಇತ್ತು. ಇಂಥ ಅಪರಾಧಕ್ಕೆ ಇಂಥ ಜುಲ್ಮಾನೆ, ಇಂಥವನಿಗೆ ಇಂಥ ಹಕ್ಕು ಎಂದು ರೂಲುಗಳ ಪಟ್ಟಿ ಇರಲಿಲ್ಲ. ಪಟ್ಟಿ ಬೇಕಾಗಿದ್ದುದು ದೊರೆಗೆ.

ಪಟ್ಟಿ ತಯಾರಾದ ರೀತಿಯನ್ನು ಗಮನಿಸಬೇಕು. ಜಿಲ್ಲೆಯ ಬಿಳಿಯ ಅಧಿಕಾರಿ ಕುರ್ಚಿಯ ಮೇಲೆ ಕೂತು "ನಿಮ್ಮಲ್ಲಿ ಮದುವೆಯ ಪದ್ಧತಿಯೇನು? ಹೆಂಡತಿ ಓಡಿಹೋದರೆ ಏನು ಮಾಡುತ್ತೀರಿ?" ಎಂದು ಕೇಳುತ್ತಾನೆ. ಯಾರನ್ನು ಕೇಳುತ್ತಾನೆ? ಹೆಂಡತಿಯನ್ನಲ್ಲ. ಹೊಲದಲ್ಲಿ ದುಡಿಯುವ ಹುಡುಗನನ್ನಲ್ಲ. ಊರಿನ ಮುಖಂಡನನ್ನು, ಐದಾರು ಮಂದಿ ಗಂಡಸು ಯಜಮಾನರನ್ನು! ಅವರು ಹೇಳಿದ್ದು ಪುಸ್ತಕಕ್ಕೆ ಇಳಿಯುತ್ತದೆ. ಮುಂದಿನ ಮೊಕದ್ದಮೆಯಲ್ಲಿ ಅದೇ ಪ್ರಮಾಣ. ನಮ್ಮಲ್ಲಿ ಜೀತಗಾರನ ಹಕ್ಕು ಏನೆಂದು ತಿಳಿಯಲು ಊರ ಗೌಡನನ್ನೇ ಸಾಕ್ಷಿಗೆ ಕರೆದರೆ ಅವನು ಏನು ಹೇಳಿಯಾನು?

ಆ ಯಜಮಾನರಿಗೆ ಆಗ ಒಂದು ದೊಡ್ಡ ಸಂಕಟವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ನಾಡಿನಲ್ಲಿ ಗುಲಾಮರ ವ್ಯಾಪಾರವಿತ್ತು, ಕದನವಿತ್ತು, ಸಾಲಕ್ಕೆ ಹೆಣ್ಣುಮಕ್ಕಳನ್ನು ಒತ್ತೆಯಿಡುವುದಿತ್ತು. ಅಧಿಕಾರದ ಬುಡ ಅದರಲ್ಲಿತ್ತು. ಇಂಗ್ಲಿಷರು ಬಂದ ಹೊಸದರಲ್ಲಿ ಹೆಂಗಸರು ಗುಂಪುಗುಂಪಾಗಿ ಜಿಲ್ಲಾ ಕಚೇರಿಗೆ ಹೋಗಿ, ಒಲ್ಲದ ಗಂಡನಿಂದ ಬಿಡುಗಡೆ ಕೇಳತೊಡಗಿದರು. ಮೊದಮೊದಲು ಹಲವು ಕಡೆ ಬಿಡುಗಡೆ ಸಿಕ್ಕಿತೂ ಕೂಡ. ಯಜಮಾನರು ಬೊಬ್ಬೆಯಿಟ್ಟರು: ಹೆಂಗಸರು ಕೈಮೀರಿದರು, ಹುಡುಗರು ಮಾತು ಕೇಳುವುದಿಲ್ಲ, ನಮ್ಮ ಪದ್ಧತಿ ಹಾಳಾಯಿತು! ದೊರೆಗಳಿಗೂ ತಲೆಬಿಸಿ. ತಲೆಗಂದಾಯ ಎತ್ತಿಕೊಡುವವರು, ಕೂಲಿಗೆ ಆಳು ಕಳಿಸುವವರು ಇದೇ ಯಜಮಾನರಲ್ಲವೇ? ಅವರ ಅಧಿಕಾರ ಕುಸಿದರೆ ತಮ್ಮ ಅಧಿಕಾರಕ್ಕೆ ಕಂಬ ಯಾವುದು? ಅಲ್ಲಿಂದ ಗಾಳಿ ತಿರುಗಿತು. ವ್ಯಭಿಚಾರಕ್ಕೆ ಶಿಕ್ಷೆಯಾಗಬೇಕು, ಗಂಡನ ಅಪ್ಪಣೆಯಿಲ್ಲದೆ ಹೆಣ್ಣು ಹೊರಡಬಾರದು, ಕಟ್ಟುನಿಟ್ಟು ಬರಬೇಕು ಎಂಬ ಯಜಮಾನರ ಬೇಡಿಕೆಗಳೆಲ್ಲಾ 'ಅನಾದಿ ಪದ್ಧತಿ'ಯ ವೇಷ ಹಾಕಿಕೊಂಡು ಕೋರ್ಟಿಗೆ ಬಂದವು. ಕೈತಪ್ಪಿ ಹೋಗುತ್ತಿದ್ದ ಅಧಿಕಾರಕ್ಕಾಗಿ ಮುದುಕರು ಹಾಕಿದ ಗೋಳು ಮುದ್ರೆ ಒತ್ತಿಸಿಕೊಂಡು ಕಾಯಿದೆಯಾಯಿತು. ಚಾನಕ್ ಅವರ ಪುಸ್ತಕದ ಪ್ರಾಣವಿರುವುದು ಈ ಭಾಗದಲ್ಲಿ.

ಹಾಗೆಂದು ದೊರೆಗಳು ಪದ್ಧತಿಯನ್ನೆಲ್ಲಾ ಒಪ್ಪಿಬಿಟ್ಟರೇ? ಇಲ್ಲ. ಅವರ ಕೈಯಲ್ಲೊಂದು ಜರಡಿ ಇತ್ತು. ಸಹಜ ನ್ಯಾಯಕ್ಕೂ ನೀತಿಗೂ ವಿರೋಧವಾದ ಪದ್ಧತಿ ನಡೆಯತಕ್ಕದ್ದಲ್ಲ ಎಂದು ಕಾಯಿದೆಯಲ್ಲೇ ಒಂದು ಮಾತು ಸೇರಿಸಿದ್ದರು. ಯಾವುದು ಸಹಜ, ಯಾವುದು ನೀತಿ ಎಂದು ತೀರ್ಮಾನಿಸುವವರು ಅವರೇ. ಕೂಲಿಯ ವಿಚಾರ ಬಂದರೆ ಪದ್ಧತಿಯ ಹೆಸರನ್ನೇ ಎತ್ತುತ್ತಿರಲಿಲ್ಲ. ಕರಾರು ಮುರಿದು ಕೆಲಸ ಬಿಟ್ಟು ಹೋದವನಿಗೆ ಫೌಜುದಾರಿ ಶಿಕ್ಷೆ! ನಮ್ಮ ದೇಶದಲ್ಲಿ 1859ರ ಹದಿಮೂರನೆಯ ಆಕ್ಟು ಇದೇ ಕೆಲಸ ಮಾಡುತ್ತಿತ್ತೆಂಬುದನ್ನು ಹಳಬರು ಕೇಳಿ ಬಲ್ಲರು. ಮುಂಗಡ ಪಡೆದ ಆಳು ಕೆಲಸ ಬಿಟ್ಟರೆ ಜೇಲು. ಕೊಡಗಿನ ಕಾಫಿ ತೋಟಗಳ ಸಾಹೇಬರಿಗೆ ಆ ಆಕ್ಟು ಬಹಳ ಪ್ರಿಯವಾಗಿತ್ತು. ಅಂದರೆ ಹೆಂಡತಿಯ ಮೇಲೆ ಗಂಡನ ಹಿಡಿತಕ್ಕೆ ಆಫ್ರಿಕದ ಪದ್ಧತಿ. ಕೂಲಿಯ ಮೇಲೆ ಧಣಿಯ ಹಿಡಿತಕ್ಕೆ ಇಂಗ್ಲೆಂಡಿನ ಕಾಯಿದೆ.

ಭೂಮಿಯ ವಿಷಯದಲ್ಲಿ ಈ ಆಟ ಇನ್ನೂ ನಿರ್ಲಜ್ಜವಾದದ್ದು. ಆಫ್ರಿಕದವನಿಗೆ ಸ್ವಂತ ಆಸ್ತಿಯೆಂಬ ಕಲ್ಪನೆಯೇ ಇಲ್ಲ, ನೆಲವೆಲ್ಲಾ ಬುಡಕಟ್ಟಿನದು, ಮುಖಂಡನು ಹಂಚಿಕೊಟ್ಟಷ್ಟು ಉಳುವುದು ಅವರ ಪದ್ಧತಿ ಎಂದು ಸಾರಿದರು. ಕರಿಯ ರೈತ ಮಾರುವಂತಿಲ್ಲ, ಒತ್ತೆಯಿಡುವಂತಿಲ್ಲ, ತನ್ನದೆಂದು ಕೋರ್ಟಿನಲ್ಲಿ ನಿಲ್ಲುವಂತಿಲ್ಲ. ಪಕ್ಕದ ದಕ್ಷಿಣ ರೊಡೇಷಿಯದ ನೆಲ ಯಾರದೆಂಬ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋದಾಗ, 1918ರಲ್ಲಿ ಆ ನ್ಯಾಯಾಧೀಶರು ಕೆಲವು ಜನಾಂಗಗಳು ಸಮಾಜದ ಮೆಟ್ಟಲಲ್ಲಿ ಎಷ್ಟು ಕೆಳಗಿವೆಯೆಂದರೆ ಅವರ ಹಕ್ಕುಗಳ ಕಲ್ಪನೆಯನ್ನು ನಾಗರಿಕ ಸಮಾಜದ ಕಲ್ಪನೆಗೆ ಹೊಂದಿಸಲಾಗದು ಎಂಬರ್ಥದ ಮಾತಾಡಿದರು. ಹಂಚಿಕೆಯಾಗದೆ ಉಳಿದ ನೆಲ ಇಂಗ್ಲೆಂಡಿನ ಸಿಂಹಾಸನದ ಪಾಲಾಯಿತು. ಬಿಳಿಯನಿಗೆ ಪಟ್ಟಾ, ಕರಿಯನಿಗೆ ಪದ್ಧತಿ!

ಇದು ಹೊಲಗೇರಿಯ ಕಥೆಯಷ್ಟೇ ಎಂದು ಗಿರಣಿಯ ಗೆಳೆಯರು ಪತ್ರಿಕೆ ಮಡಚಬಾರದು. ಉತ್ತರ ರೊಡೇಷಿಯದಲ್ಲಿ ತಾಮ್ರದ ಗಣಿಗಳಿವೆ. ದೂರದೂರದ ಹಳ್ಳಿಗಳಿಂದ, ತಲೆಗಂದಾಯ ತೆರಲು ಕಾಸು ಬೇಕಾಗಿ ಸಾವಿರಾರು ಜನ ಅಲ್ಲಿ ಬಂದು ನೆಲದಡಿಯಲ್ಲಿ ದುಡಿದರು. ಒಂದೇ ಗಣಿ, ಒಂದೇ ಪಾಳಿ, ಒಂದೇ ಕೂಲಿ. ಆದರೆ ಗಣಿಯ ಮಾಲೀಕರ ಕಣ್ಣಿಗೆ ಅವರು ಕಾರ್ಮಿಕರಲ್ಲ. ಇವನು ಬೆಂಬಾ, ಅವನು ಲೋಜಿ, ಇನ್ನೊಬ್ಬ ನ್ಯಾಸಾಲ್ಯಾಂಡಿನವನು. ಲುವಾನ್ಶ್ಯದ ರೋನ್ ಆಂಟಿಲೋಪ್ ಗಣಿಯಲ್ಲಿ 1931ರಿಂದ ಬುಡಕಟ್ಟಿಗೊಬ್ಬ 'ಹಿರಿಯ'ನನ್ನು ನಿಲ್ಲಿಸಿ, ಕಾರ್ಮಿಕರ ಅಹವಾಲು ಇವರ ಮೂಲಕವೇ ಬರತಕ್ಕದ್ದೆಂದು ಏರ್ಪಾಟು ಮಾಡಿದರು. ನಿಮಗೆ ಸಂಘವೇಕೆ, ನಿಮ್ಮ ಪದ್ಧತಿಯ ಪ್ರಕಾರ ಹಿರಿಯರಿಲ್ಲವೇ? ಈ ಕಥೆ ಪೂರ್ತಿ ಬೇಕಾದವರು ಎಪ್‌ಸ್ಟೀನ್ ಎಂಬುವರು 1958ರಲ್ಲಿ ಲುವಾನ್ಶ್ಯದ ಬಗ್ಗೆ ಬರೆದ ಪುಸ್ತಕವನ್ನು ನೋಡಬೇಕು. ಚಾನಕ್ ಅವರ ಗಮನವೆಲ್ಲಾ ಕೋರ್ಟಿನ ಕಟಕಟೆಯ ಮೇಲೆ.

1935ರ ಮೇ ತಿಂಗಳಲ್ಲಿ ಸರಕಾರ ಗಣಿಯವರ ತಲೆಗಂದಾಯವನ್ನು ಏರಿಸಿತು. ಮುಫುಲೀರಾದಲ್ಲಿ ಮುಷ್ಕರ ಹತ್ತಿತು. ಅಲ್ಲಿಂದ ನ್ಕಾನಾಕ್ಕೆ, ಅಲ್ಲಿಂದ ಲುವಾನ್ಶ್ಯಕ್ಕೆ ಹಬ್ಬಿತು. ಹಿರಿಯರ ಮಾತನ್ನು ಯಾರು ಕೇಳಬೇಕು! ಅವರನ್ನು ಕಂಪೆನಿಯ ಕಡೆಯವರೆಂದೇ ಜನ ಕಂಡರು. ಮೇ 29ರಂದು ಲುವಾನ್ಶ್ಯದಲ್ಲಿ ಪೊಲೀಸರು ಗುಂಡು ಹಾರಿಸಿದರು. ಆರು ಜನ ಸತ್ತರು, ಇಪ್ಪತ್ತೆರಡು ಮಂದಿಗೆ ಗಾಯ. ಇದರಿಂದ ಮಾಲೀಕರು ಬುದ್ಧಿ ಕಲಿತರೇ? ಬುಡಕಟ್ಟಿನ ಪ್ರತಿನಿಧಿಗಳ ಏರ್ಪಾಟನ್ನು ಬೇರೆ ಗಣಿಗಳಿಗೂ ವಿಸ್ತರಿಸಿದರು. 1940ರಲ್ಲಿ ಬಿಳಿಯ ಕಾರ್ಮಿಕರು ಮೊದಲು ಮುಷ್ಕರ ಹೂಡಿ ತಮ್ಮ ಸಂಬಳ ಏರಿಸಿಕೊಂಡರು. ಅದನ್ನು ಕಂಡು ಕರಿಯ ಕಾರ್ಮಿಕರೂ ಮುಷ್ಕರ ಹೂಡಿದರೆ, ನ್ಕಾನಾದಲ್ಲಿ ಅವರಿಗೆ ಸಿಕ್ಕಿದ್ದು ಗುಂಡು. ಹದಿನೇಳು ಜನ ಸತ್ತರು. ಅಷ್ಟರಲ್ಲಿ ಆ ಗಣಿಪಟ್ಟಣಗಳಿಗೆ ಇನ್ನೊಂದು ಉಪಕಾರವೂ ಆಗಿತ್ತು. 1930ರ ದಶಕದ ಕೊನೆಗೆ ಹಳ್ಳಿಯ ಮುಖಂಡರು ಕಳಿಸಿದ ಪ್ರತಿನಿಧಿಗಳನ್ನು ಕೂರಿಸಿ ಪಟ್ಟಣದಲ್ಲೇ ಪದ್ಧತಿಯ ಕೋರ್ಟು ತೆರೆದರು. ಹಳ್ಳಿ ಬಿಟ್ಟು ಬಂದ ಹೆಂಗಸು ಗಣಿಯ ಲೈನಿನ ಮನೆಯಲ್ಲಿ ಬಾಳಬೇಕಾದರೂ ಅಲ್ಲಿಗೂ ಯಜಮಾನನ ಕೈ ಉದ್ದವಾಯಿತು.

ಆದರೆ ಜನ ಇದನ್ನು ಹೇಗೆ ಕಿತ್ತೊಗೆದರೆಂಬುದನ್ನೂ ಬರೆಯಬೇಕು. 1949ರಲ್ಲಿ ಆಫ್ರಿಕನ್ ಗಣಿ ಕಾರ್ಮಿಕರ ಸಂಘ ಕಟ್ಟಿದರು. 1952ರಲ್ಲಿ ಮೂರು ವಾರ ಮುಷ್ಕರ ನಡೆಸಿದರು. 1953ರಲ್ಲಿ ಬುಡಕಟ್ಟಿನ ಪ್ರತಿನಿಧಿಗಳು ಬೇಕೋ ಬೇಡವೋ ಎಂದು ಮತ ಹಾಕಿ, ದೊಡ್ಡ ಬಹುಮತದಿಂದ ಬೇಡವೆಂದರು. ತಮ್ಮ ಪದ್ಧತಿ ಯಾವುದೆಂದು ಆ ಜನರನ್ನು ನೇರವಾಗಿ ಕೇಳಿದ ಕೆಲವೇ ಸಂದರ್ಭಗಳಲ್ಲಿ ಅದೊಂದು!

ದಕ್ಷಿಣ ಆಫ್ರಿಕದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1927ರ ಕಾಯಿದೆಯಲ್ಲಿ, ಕೇಪ್ ಪ್ರಾಂತವೊಂದನ್ನು ಬಿಟ್ಟು ಉಳಿದ ಪ್ರಾಂತಗಳ ಎಲ್ಲಾ ಕರಿಯ ಜನರಿಗೆ ಬಿಳಿಯ ಗವರ್ನರ್ ಜನರಲನೇ 'ಪರಮ ಮುಖಂಡ'ನೆಂದು ಬರೆದರು. ಲಂಡನ್ನಿನಿಂದ ಹಡಗಿನಲ್ಲಿ ಬಂದಿಳಿದ ಸಾಹೇಬ ಅವರ ಪೂರ್ವಜರ ಪದ್ಧತಿಯ ಪ್ರಕಾರ ಅವರ ಕುಲದ ಯಜಮಾನ! ನಗಬೇಕೋ ಅಳಬೇಕೋ ತಿಳಿಯದು.

ನಮ್ಮ ಮನೆಯ ಕಥೆಯೇನು ಬೇರೆಯೇ? 1772ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದಲ್ಲಿ ಮದುವೆ, ವಾರಸುದಾರಿಕೆ, ಜಾತಿ ಇವುಗಳ ವ್ಯಾಜ್ಯದಲ್ಲಿ ಹಿಂದುವಿಗೆ ಶಾಸ್ತ್ರ, ಮುಸಲ್ಮಾನನಿಗೆ ಕುರಾನ್ ಎಂದು ಗೊತ್ತುಮಾಡಿದ. ಹನ್ನೊಂದು ಮಂದಿ ಪಂಡಿತರನ್ನು ಕೂರಿಸಿ ಸಂಸ್ಕೃತದಲ್ಲಿ ಬರೆಸಿ, ಅದನ್ನು ಪಾರಸಿಗೆ ತಿರುಗಿಸಿ, ಪಾರಸಿಯಿಂದ ಹಾಲ್ಹೆಡ್ ಎಂಬ ಇಪ್ಪತ್ತು ದಾಟಿದ ತರುಣ ಇಂಗ್ಲಿಷಿಗೆ ತಿರುಗಿಸಿ 1776ರಲ್ಲಿ ಅಚ್ಚಾಯಿತು. ಆ ಕೋಣೆಯಲ್ಲಿ ನೇಕಾರ, ಕುಂಬಾರ, ಹೊಲೆಯ, ಮಾದಿಗ ಯಾರಾದರೂ ಇದ್ದರೇ? ಅವರ ಮನೆಗಳಲ್ಲಿ ವಿಧವೆ ಉಡಿಕೆಯಾಗುತ್ತಿದ್ದಳೋ, ಬಿಡುಗಡೆ ಇತ್ತೋ ಎಂದು ಯಾರಾದರೂ ಕೇಳಿದರೇ? ನಮ್ಮ ತುಳುನಾಡಿನಲ್ಲಿ ಅಳಿಯಸಂತಾನದ ಕಟ್ಟು ಇತ್ತು. ಆಸ್ತಿ ಹೆಣ್ಣಿನ ಸಾಲಿನಲ್ಲಿ ಇಳಿಯುತ್ತಿತ್ತು. ಅದೂ ಇಂಗ್ಲಿಷರ ಕೋರ್ಟಿಗೆ ಹೋಗಿ, ಭೂತಾಳ ಪಾಂಡ್ಯನ ಕಟ್ಟೆಂಬ ಪುಸ್ತಕವನ್ನು ಮುಂದಿಟ್ಟುಕೊಂಡು ಹತ್ತಾರು ವರ್ಷ ವಾದ ನಡೆದು, ಕೊನೆಗೆ 1949ರ ಮದರಾಸು ಕಾಯಿದೆಯಿಂದ ಪಾಲಿನ ಹಕ್ಕು ಬರಬೇಕಾಯಿತು. ಮನೆಯ ಹೆಂಗಸರ ಬಾಯಲ್ಲಿದ್ದ ರೂಢಿ ಬೇರೆ, ವಕೀಲರ ಕೈಯ ಪುಸ್ತಕ ಬೇರೆ.

ಇಲ್ಲಿ ಎರಡು ಗುಂಪಿನವರು ನಮ್ಮನ್ನು ತಡೆದು ನಿಲ್ಲಿಸುತ್ತಾರೆ. ಮೊದಲನೆಯವರು ಸಂಸ್ಕೃತಿಯ ಕಾವಲುಗಾರರು. "ಇಂಗ್ಲಿಷರು ಕೆಡಿಸಿದರು, ಸರಿ, ಹಾಗಾದರೆ ಅವರಿಗಿಂತ ಮುಂಚಿನ ಶುದ್ಧ ಪದ್ಧತಿಗೆ ಹಿಂದಿರುಗೋಣ" ಎನ್ನುತ್ತಾರೆ. ಕಟ್ಟೆಯ ಮೇಲೆ ಕೂತು, ಬೇರೆ ಜಾತಿಯವನನ್ನು ಮದುವೆಯಾದ ಹುಡುಗಿಯ ಮನೆಗೆ ಬಹಿಷ್ಕಾರ ಹಾಕಿ, ದಂಡದ ಹಣವನ್ನು ತಾವೇ ಹಂಚಿಕೊಳ್ಳುವ ಪಂಚರ ಬಾಯಲ್ಲೂ ಇದೇ ಮಾತು. ಸ್ವಾಮಿ, ಆ ಶುದ್ಧ ಕಾಲದಲ್ಲಿ ಸಾಲಕ್ಕೆ ಒತ್ತೆಬಿದ್ದ ಹೆಣ್ಣುಮಕ್ಕಳಿದ್ದರೆಂದು ಅದೇ ಪುಸ್ತಕ ಹೇಳುತ್ತದಲ್ಲ! ಯಾರಿಗೆ ಶುದ್ಧ?

ಎರಡನೆಯವರು ಕೋಟು ತೊಟ್ಟವರು, ಇವರು ಹೆಚ್ಚು ಅಪಾಯ. "ಪದ್ಧತಿಯೆಲ್ಲಾ ಇಂಗ್ಲಿಷರ ಕಟ್ಟುಕಥೆಯೆಂದು ಪಂಡಿತರೇ ಹೇಳಿದ್ದಾರೆ. ಆದ್ದರಿಂದ ಈ ಗೋಮಾಳ, ಈ ಕಾಡು, ಈ ಕೆರೆಯಂಗಳ ನಿಮ್ಮದೆನ್ನುವುದಕ್ಕೆ ಕಾಗದ ತನ್ನಿ, ಇಲ್ಲವೇ ಜಾಗ ಬಿಡಿ" ಎನ್ನುವ ಕಂಪೆನಿಯ ವಕೀಲರು. ನಾವು ಹೇಳುವುದಿಷ್ಟು: ಯಜಮಾನನು ಸಾಹೇಬನ ಕಿವಿಯಲ್ಲಿ ಉಸುರಿದ್ದು ಬೇರೆ, ನಾಲ್ಕು ತಲೆಮಾರು ದನ ಮೇಯಿಸಿದ, ಸೌದೆ ಆಯ್ದ, ಜೇನು ಕಿತ್ತ ಜನರ ಬಳಕೆ ಬೇರೆ. ಮೊದಲನೆಯದು ಬರವಣಿಗೆಯಲ್ಲಿ ಹುಟ್ಟಿದ್ದು. ಎರಡನೆಯದಕ್ಕೆ ಬರವಣಿಗೆಯೇ ಸಿಗಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಬರುವವರೆಗೆ ಕಾಡಿನ ಜನ ತಮ್ಮ ಕಾಡಿನಲ್ಲೇ ಕಳ್ಳರಾಗಿದ್ದರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅದು ಮೋಸದ ತಕ್ಕಡಿ.

ಈ ಭೇದವನ್ನು ಒಂದು ಕೋರ್ಟು ಬಾಯಿಬಿಟ್ಟು ಹೇಳಿದ್ದೂ ಉಂಟು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ಬಳಿಯ ಖಯೆಲಿತ್ಷಾ ಎಂಬ ಬಡವರ ಬಡಾವಣೆಯಲ್ಲಿ ಮನೆಗೆಲಸ ಮಾಡುವ ಒಬ್ಬ ಹೆಂಗಸು ತನ್ನ ಎರಡು ಹೆಣ್ಣುಮಕ್ಕಳೊಂದಿಗೆ ಒಂದು ಜೋಪಡಿಯಲ್ಲಿದ್ದಳು. ಮಕ್ಕಳ ತಂದೆ ಬಡಗಿ, 2002ರಲ್ಲಿ ತೀರಿಕೊಂಡ. ಪದ್ಧತಿಯ ಕಾಯಿದೆಯ ಪ್ರಕಾರ ಗಂಡಸಿಗೇ ವಾರಸು. ಆದಕಾರಣ ಸತ್ತವನ ತಂದೆಯೇ ಹಕ್ಕುದಾರನಾದ. ಮಣ್ಣುಮಾಡಿದ ಖರ್ಚಿಗೆ ಆ ಜೋಪಡಿಯನ್ನೂ ಅದರ ಜಾಗವನ್ನೂ ಮಾರುವೆನೆಂದ. ಮಕ್ಕಳ ಪರವಾಗಿ ಆ ತಾಯಿ ಸಂವಿಧಾನ ನ್ಯಾಯಾಲಯದವರೆಗೂ ಹೋದಳು. 2004ರ ಅಕ್ಟೋಬರಿನಲ್ಲಿ ಆ ನ್ಯಾಯಾಲಯ ಹೆಣ್ಣನ್ನು ಹೊರಗಿಡುವ ಆ ವಾರಸಿನ ನಿಯಮವನ್ನು ರದ್ದು ಮಾಡಿತು. ಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತ ಪದ್ಧತಿ ಒಂದು, ಜನರ ನಡುವೆ ದಿನದಿನಕ್ಕೆ ಬದಲಾಗುತ್ತಿರುವ ಪದ್ಧತಿ ಇನ್ನೊಂದು ಎಂದು ತೀರ್ಪಿನಲ್ಲಿಯೇ ಬಂತು. ಚಾನಕ್ ಅವರಂಥ ವಿದ್ವಾಂಸರು ದಶಕಗಳ ಕಾಲ ದಫ್ತರಗಳ ಧೂಳು ಕುಡಿದದ್ದಕ್ಕೆ ಎರಡು ಮಕ್ಕಳ ತಲೆಯ ಮೇಲಿನ ತಗಡು ಉಳಿಯುವುದಾದರೆ ಅದೇನು ಸಣ್ಣ ಫಲವಲ್ಲ.

ಆದರೆ ಅದೇ ದೇಶದ ಸರಕಾರ ಮುಂದೆ ಏನು ಮಾಡಿತು? ಸಾಂಪ್ರದಾಯಿಕ ಮುಖಂಡರಿಗಾಗಿ ಹೊಸದೊಂದು ಕಾಯಿದೆ ತಂದಿತು. ಬುಡಕಟ್ಟಿನ ನೆಲದಲ್ಲಿ ಗಣಿ ಮೊದಲಾದ ಕಂಪೆನಿಗಳ ಜತೆ ಮುಖಂಡರೇ ಒಪ್ಪಂದ ಮಾಡಿಕೊಳ್ಳುವುದಕ್ಕೆ ಅದರಲ್ಲಿ ದಾರಿಯಿತ್ತು. ಲುವಾನ್ಶ್ಯದಲ್ಲಿ ಕಂಪೆನಿ ನಿಲ್ಲಿಸಿದ ಹಿರಿಯನೇ ಸ್ವತಂತ್ರ ದೇಶದಲ್ಲಿ ಮತ್ತೆ ಎದ್ದುಬಂದ! ಹಳ್ಳಿಯ ಜನರೂ ಹೆಂಗಸರ ಸಂಘಗಳೂ ವಿರೋಧಿಸಿದರು. 2023ರ ಮೇ 30ರಂದು ಸಂವಿಧಾನ ನ್ಯಾಯಾಲಯ ಆ ಕಾಯಿದೆ ಊರ್ಜಿತವಲ್ಲವೆಂದಿತು. ಅದಕ್ಕೆ ಕೊಟ್ಟ ಕಾರಣ, ಕಾಯಿದೆ ಮಾಡುವ ಮುನ್ನ ಜನರ ಮಾತನ್ನು ಸರಿಯಾಗಿ ಕೇಳಿರಲಿಲ್ಲವೆಂಬುದು.